ಸ್ತನ ತೆಗೆದ ಜಾಗಕ್ಕೆ ಹೊಟ್ಟೆಯ ಕೊಬ್ಬು: ಆಪರೇಷನ್‌ಗೆ ಮೊದಲೇ ಕೇಳಬೇಕಾದ ಮಾತು



ಹೋದ ಸಲ ಕೊಲೆಸ್ಟ್ರಾಲ್ ಮಾತ್ರೆಗಳ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಉತ್ತರಗಳಲ್ಲಿ ಒಂದಕ್ಕೆ ಕೊಲೆಸ್ಟ್ರಾಲ್‌ನ ಸಂಬಂಧವೇ ಇರಲಿಲ್ಲ. ಪುಣೆಯ ಒಬ್ಬ ಹೆಣ್ಣುಮಗಳು ಬರೆದಿದ್ದರು: "ಡಾಕ್ಟ್ರೇ, ನಮ್ಮ ಅತ್ತೆಗೆ ಎಡಗಡೆ ಸ್ತನ ಪೂರ್ತಿ ತೆಗೀಬೇಕು ಅಂದಿದಾರೆ. ಹೊಟ್ಟೆ ಕೊಬ್ಬಿನಿಂದ ಮತ್ತೆ ಸ್ತನ ಮಾಡ್ತಾರಂತೆ, ಹೌದಾ? ಅತ್ತೆಗೆ 56 ವರ್ಷ, ಶುಗರ್ ಇದೆ. ಈ ವಯಸ್ಸಲ್ಲಿ ಅದೆಲ್ಲ ಯಾಕೆ ಅಂತ ಮನೇಲಿ ಎಲ್ಲರೂ ಅಂತಾರೆ. ಅತ್ತೆ ಮಾತ್ರ ಏನೂ ಹೇಳ್ತಿಲ್ಲ."

ನಾನು ಹೃದಯದ ಡಾಕ್ಟರ್. ಸ್ತನದ ಆಪರೇಷನ್ ಮಾಡುವವನಲ್ಲ. ಆದರೆ ಇಂಥ ದೊಡ್ಡ ಆಪರೇಷನ್‌ಗೆ ಮುಂಚೆ 'ಹಾರ್ಟ್ ಫಿಟ್ ಇದೆಯಾ ನೋಡಿ' ಎಂದು ನಮ್ಮ ಬಳಿಗೆ ಕಳಿಸುತ್ತಾರೆ. ಹಾಗೆ ಬಂದವರೊಂದಿಗೆ ಅರ್ಧ ಗಂಟೆ ಕೂತು ಮಾತಾಡಿದಾಗ, ಇಸಿಜಿಗಿಂತ ಹೆಚ್ಚಿಗೆ ಈ ವಿಷಯವೇ ಬರುತ್ತದೆ. ಇನ್ನೊಂದು ಕಾರಣವೂ ಇದೆ. ಹೊಸ ಸ್ತನಕ್ಕೆ ರಕ್ತ ಕೊಡಲು ಪ್ಲಾಸ್ಟಿಕ್ ಸರ್ಜನ್ ಹುಡುಕುವ ರಕ್ತನಾಳವೂ, ಬೈಪಾಸ್‌ಗೆ ಹೃದಯದ ಸರ್ಜನ್ ಹುಡುಕುವ ರಕ್ತನಾಳವೂ ಒಂದೇ. ಅದರ ಬಗ್ಗೆ ಮುಂದೆ ಹೇಳುತ್ತೇನೆ. ಲೇಖನ ಸ್ವಲ್ಪ ಉದ್ದವಿದೆ, ಪುರುಸೊತ್ತಿನಲ್ಲಿ ಓದಿ. ಗಂಡಸರೂ ಓದಿ.

ಮೊದಲು ಕೇಳಬೇಕಾದ ಪ್ರಶ್ನೆಯೇ ಬೇರೆ: ಸ್ತನವನ್ನು ಪೂರ್ತಿ ತೆಗೆಯಲೇಬೇಕಾ? ಗಡ್ಡೆ ಚಿಕ್ಕದಿದ್ದಾಗ, ಒಂದೇ ಕಡೆ ಇದ್ದಾಗ, ಗಡ್ಡೆಯನ್ನೂ ಸುತ್ತಲಿನ ಸ್ವಲ್ಪ ಭಾಗವನ್ನೂ ತೆಗೆದು ರೇಡಿಯೇಷನ್ ಕೊಟ್ಟರೆ, ಬದುಕುಳಿಯುವ ಲೆಕ್ಕದಲ್ಲಿ ಪೂರ್ತಿ ತೆಗೆದಷ್ಟೇ ಒಳ್ಳೆಯ ಫಲ ಸಿಗುತ್ತದೆ. ಇದು ದಶಕಗಳ ಹಿಂದೆಯೇ ದೊಡ್ಡ ಅಧ್ಯಯನಗಳಲ್ಲಿ ಸಾಬೀತಾದ ಮಾತು. ಕೀಮೋ ಮೊದಲು ಕೊಟ್ಟು ಗಡ್ಡೆ ಕುಗ್ಗಿಸಿ ಸ್ತನ ಉಳಿಸುವುದೂ ಉಂಟು. 'ಪೂರ್ತಿ ತೆಗೆದುಬಿಡಿ ಡಾಕ್ಟ್ರೇ, ಬೇರು ಸಮೇತ ಹೋಗಲಿ' ಎಂದು ಹಟ ಹಿಡಿಯುವವರು ಹೆಚ್ಚಾಗಿ ಮನೆಯವರು. ಆ ಹಟದಿಂದ ಆಯುಷ್ಯ ಹೆಚ್ಚುವುದಿಲ್ಲ. ಆದರೆ ಗಡ್ಡೆ ದೊಡ್ಡದಿದ್ದಾಗ, ಒಂದಕ್ಕಿಂತ ಹೆಚ್ಚು ಕಡೆ ಇದ್ದಾಗ, ರೇಡಿಯೇಷನ್ ಕೊಡಲಾಗದಿದ್ದಾಗ ಪೂರ್ತಿ ತೆಗೆಯುವುದು ಅನಿವಾರ್ಯ. ನಮ್ಮಲ್ಲಿ ಬಹಳ ಜನ ತಡವಾಗಿ ಬರುವುದರಿಂದ ಹೀಗೆ ತೆಗೆಸಿಕೊಳ್ಳುವವರೂ ಹೆಚ್ಚು. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದೇ ವರ್ಷ ಹೊಸದಾಗಿ ಸ್ತನ ಕ್ಯಾನ್ಸರ್ ಬಂದವರು ಸುಮಾರು 1 ಲಕ್ಷ 92 ಸಾವಿರ.

ತೆಗೆದ ಮೇಲೆ ಮುಂದೇನು? ಏನೂ ಮಾಡಿಸದೆ ಸಪಾಟು ಎದೆಯಲ್ಲೇ ಇರಬಹುದು. ಬ್ರಾ ಒಳಗೆ ಇಡುವ ಸಿಲಿಕಾನ್ ಅಥವಾ ಹತ್ತಿಯ ಪ್ಯಾಡ್ ಬಳಸಬಹುದು. ಒಳಗೆ ಸಿಲಿಕಾನ್ ಇಂಪ್ಲಾಂಟ್ ಇಡಿಸಿಕೊಳ್ಳಬಹುದು. ಇಲ್ಲವೇ ತಮ್ಮದೇ ದೇಹದ ಹೊಟ್ಟೆ, ಬೆನ್ನು ಅಥವಾ ತೊಡೆಯ ಕೊಬ್ಬು-ಚರ್ಮದಿಂದ ಹೊಸ ಸ್ತನ ಕಟ್ಟಿಸಿಕೊಳ್ಳಬಹುದು. ಯಾವುದನ್ನು ಆರಿಸಿದರೂ ಅದರಲ್ಲಿ ನಾಚಿಕೆಪಡುವಂಥದ್ದಿಲ್ಲ. ನಾನು ಇವತ್ತು ಬರೆಯುತ್ತಿರುವುದು ಕೊನೆಯದರ ಬಗ್ಗೆ. ಯಾಕೆಂದರೆ ನಮ್ಮವರಿಗೆ ಅತಿ ಕಡಿಮೆ ಗೊತ್ತಿರುವುದು ಅದೇ.

ದೇಹದ ಒಂದು ಭಾಗದಿಂದ ತೆಗೆದು ಇನ್ನೊಂದು ಭಾಗ ಕಟ್ಟುವುದು ಹೊಸ ವಿದ್ಯೆಯೇನಲ್ಲ. ಪುಣೆಯಲ್ಲಿರುವ ಓದುಗರಿಗೆ ಇದು ಇಷ್ಟವಾಗಬಹುದು: 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಸೈನ್ಯದ ಕೈಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಮುಂದೆ ಪುಣೆಯ ಒಬ್ಬ ಕಸುಬುದಾರ ಅವನ ಹಣೆಯ ಚರ್ಮವನ್ನು ಕೊಯ್ದು, ಹುಬ್ಬುಗಳ ನಡುವಿನ ಬುಡವನ್ನು ಮಾತ್ರ ಕತ್ತರಿಸದೆ ಹಾಗೇ ಬಿಟ್ಟು, ಕೆಳಕ್ಕೆ ತಿರುಗಿಸಿ ಮೂಗು ಕಟ್ಟಿದ. ಆ ವರದಿ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಝೀನ್' ಪತ್ರಿಕೆಯಲ್ಲಿ ಚಿತ್ರ ಸಮೇತ ಅಚ್ಚಾಯಿತು. ಅದನ್ನು ಓದಿಯೇ ಯುರೋಪಿನ ಸರ್ಜನ್‌ಗಳು ಈ ವಿದ್ಯೆಗೆ ಮತ್ತೆ ಕೈಹಾಕಿದರು. ಅಲ್ಲಿ ಗಮನಿಸಬೇಕಾದದ್ದು ಕತ್ತರಿಸದೆ ಬಿಟ್ಟ ಆ ಬುಡ. ರಕ್ತ ಬರುವ ದಾರಿ ಅದು. ಅದನ್ನೂ ಕತ್ತರಿಸಿದ್ದರೆ ಚರ್ಮ ಕಪ್ಪಾಗಿ ಉದುರಿಹೋಗುತ್ತಿತ್ತು.

ಸ್ತನದ ಕಥೆಯೂ ಹೀಗೆಯೇ. 1895ರಲ್ಲಿ ಜರ್ಮನಿಯ ವಿನ್ಸೆಂಝ್ ಚೆರ್ನಿ ಎಂಬ ಸರ್ಜನ್ ಒಬ್ಬ ಹೆಂಗಸಿನ ಸೊಂಟದ ಪಕ್ಕದಲ್ಲಿದ್ದ ಕೊಬ್ಬಿನ ಗಂಟನ್ನು ತೆಗೆದು ಸ್ತನದ ಜಾಗಕ್ಕೆ ಇಟ್ಟ. 1906ರಲ್ಲಿ ಇಟಲಿಯ ಇಜಿನಿಯೊ ತಾನ್ಸೀನಿ ಬೆನ್ನಿನ ಅಗಲವಾದ ಸ್ನಾಯುವನ್ನು ಕಂಕುಳಿನ ರಕ್ತನಾಳದ ಸಮೇತ ಮುಂದಕ್ಕೆ ತಿರುಗಿಸಿದ. ಬೆನ್ನಿನಿಂದ ತರುವ ಆ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ರಕ್ತನಾಳದ ಬುಡ ಕತ್ತರಿಸುವುದಿಲ್ಲವಾದ್ದರಿಂದ ಸೂಕ್ಷ್ಮದರ್ಶಕದ ಕೆಲಸ ಬೇಕಿಲ್ಲ, ಆಪರೇಷನ್ ಅವಧಿಯೂ ಕಡಿಮೆ, ಹೆಚ್ಚು ಆಸ್ಪತ್ರೆಗಳಲ್ಲಿ ಮಾಡುತ್ತಾರೆ. ಆದರೆ ಬೆನ್ನಿನಲ್ಲಿ ಕೊಬ್ಬು ಕಡಿಮೆ. ದೊಡ್ಡ ಸ್ತನಕ್ಕೆ ಸಾಲದೆ ಕೆಲವೊಮ್ಮೆ ಅದರ ಅಡಿಗೆ ಇಂಪ್ಲಾಂಟ್ ಇಡಬೇಕಾಗುತ್ತದೆ.

ಹೊಟ್ಟೆಯಲ್ಲಿ ಆ ಕೊರತೆ ಇಲ್ಲ. ಎರಡು ಮಕ್ಕಳನ್ನು ಹೆತ್ತ, ಐವತ್ತು ದಾಟಿದ ನಮ್ಮ ಹೆಣ್ಣುಮಕ್ಕಳಿಗೆ ಹೊಕ್ಕುಳ ಕೆಳಗೆ ಸೀರೆಯ ನೆರಿಗೆ ಸಿಕ್ಕಿಸುವ ಜಾಗದಲ್ಲಿ ಮೆತ್ತನೆಯ ಕೊಬ್ಬು ಸಾಕಷ್ಟು ಇರುತ್ತದೆ. ಮುಟ್ಟಿದರೆ ಸ್ತನದ ಹಾಗೆಯೇ ಇರುವ ಕೊಬ್ಬು ಅದು. 1982ರಲ್ಲಿ ಅಮೆರಿಕದ ಅಟ್ಲಾಂಟಾದ ಕಾರ್ಲ್ ಹಾರ್ಟ್ರಾಂಪ್ ಆ ಕೊಬ್ಬನ್ನು ಹೊಟ್ಟೆಯ ನೇರ ಸ್ನಾಯುವಿನ ಸಮೇತ ಎದೆಗೆ ಏರಿಸುವ ವಿಧಾನವನ್ನು ಪ್ರಕಟಿಸಿದರು. ಅದಕ್ಕೆ ಟ್ರಾಮ್ ಫ್ಲಾಪ್ ಎನ್ನುತ್ತಾರೆ. ಫ್ಲಾಪ್ ಅಂದರೆ ರಕ್ತನಾಳದ ಸಮೇತ ಸ್ಥಳಾಂತರಿಸಿದ ಅಂಗಾಂಶ. ಟ್ರಾಮ್‌ನಿಂದ ಸ್ತನ ಚೆನ್ನಾಗಿಯೇ ಬಂತು. ತೊಂದರೆ ಆದದ್ದು ಹೊಟ್ಟೆಗೆ: ಸ್ನಾಯು ಹೋದ ಜಾಗದಲ್ಲಿ ಬಲ ಕಡಿಮೆಯಾಗಿ ಕೆಲವರಿಗೆ ಹೊಟ್ಟೆ ಉಬ್ಬುವುದು, ಹರ್ನಿಯಾ ಆಗುವುದು ಶುರುವಾಯಿತು.

ಇದಕ್ಕೆ ದಾರಿ ತೋರಿಸಿದವರು ಜಪಾನಿನ ಇಸಾವೊ ಕೋಶಿಮಾ. ಹೊಟ್ಟೆಯ ಸ್ನಾಯುವಿನ ಅಡಿಯಲ್ಲಿ ಒಂದು ರಕ್ತನಾಳ ಓಡುತ್ತದೆ. ಅದರಿಂದ ಸಣ್ಣ ಸಣ್ಣ ಕವಲುಗಳು ಸ್ನಾಯುವನ್ನು ತೂರಿಕೊಂಡು ಮೇಲಿನ ಕೊಬ್ಬಿಗೆ ಬರುತ್ತವೆ. ಆ ಕವಲುಗಳನ್ನು ಸ್ನಾಯುವಿನ ಎಳೆಗಳ ನಡುವಿನಿಂದ ತಾಳ್ಮೆಯಿಂದ ಬಿಡಿಸಿಕೊಂಡರೆ ಸ್ನಾಯುವನ್ನು ಮುಟ್ಟದೆ ಕೊಬ್ಬು-ಚರ್ಮ ಮಾತ್ರ ತೆಗೆಯಬಹುದೆಂದು ಅವರು 1989ರಲ್ಲಿ ತೋರಿಸಿದರು. 1992ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ರಾಬರ್ಟ್ ಆಲನ್ ಅದನ್ನು ಸ್ತನ ಕಟ್ಟಲು ಬಳಸಿದರು. ಇದೇ ಡೀಪ್ ಫ್ಲಾಪ್. ಇಂದು ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಬೆಂಗಳೂರು, ಎಲ್ಲ ಕಡೆಯೂ ಮಾಡುತ್ತಾರೆ. ಆದರೆ ಎಲ್ಲ ಆಸ್ಪತ್ರೆಗಳಲ್ಲೂ ಅಲ್ಲ. ಮೈಕ್ರೊಸರ್ಜರಿ ನಿತ್ಯ ಮಾಡುವ ತಂಡವೇ ಬೇಕು.

ಭತ್ತದ ಸಸಿ ಕಿತ್ತು ನಾಟಿ ಮಾಡುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಸಸಿಯನ್ನು ಕಿತ್ತ ಮೇಲೆ ಅದಕ್ಕೆ ನೀರಿಲ್ಲ, ಬೇಗ ಇನ್ನೊಂದು ಗದ್ದೆಯಲ್ಲಿ ಊರಬೇಕು. ಇಲ್ಲೂ ಹೊಟ್ಟೆಯಿಂದ ಬಿಡಿಸಿದ ಕೊಬ್ಬಿಗೆ ರಕ್ತ ನಿಂತುಹೋಗುತ್ತದೆ. ಅದನ್ನು ಎದೆಗೆ ತಂದು, ಅಲ್ಲಿನ ರಕ್ತನಾಳಕ್ಕೆ ಅದರ ರಕ್ತನಾಳವನ್ನು ಹೊಲಿಯಬೇಕು. ಎರಡರ ದಪ್ಪವೂ ಎರಡು-ಮೂರು ಮಿಲಿಮೀಟರ್. ಹೊಲಿಯುವ ದಾರ ತಲೆಗೂದಲಿಗಿಂತ ತೆಳು. ರಕ್ತ ಒಳಗೆ ತರುವ ನಾಳ ಒಂದು, ಹೊರಗೆ ಒಯ್ಯುವ ನಾಳ ಒಂದು, ಎರಡನ್ನೂ ಮೈಕ್ರೊಸ್ಕೋಪ್ ಕೆಳಗೆ ಕೂಡಿಸುತ್ತಾರೆ. ಕ್ಲಿಪ್ ಬಿಟ್ಟ ಕೂಡಲೆ ಬಿಳುಚಿಕೊಂಡಿದ್ದ ಚರ್ಮಕ್ಕೆ ಬಣ್ಣ ಬರುವುದನ್ನು ಒಮ್ಮೆ ಥಿಯೇಟರಿನಲ್ಲಿ ನಿಂತು ನೋಡಿದ್ದೇನೆ. ನಿತ್ಯ ಸ್ಟೆಂಟ್ ಹಾಕುವ ನನಗೂ ಅದು ಬೆರಗು ಹುಟ್ಟಿಸಿತು. ಒಂದು ಕಡೆಯ ಸ್ತನಕ್ಕೆ ಒಟ್ಟು ಆರರಿಂದ ಎಂಟು ಗಂಟೆ ಹಿಡಿಯಬಹುದು. ಹೊಟ್ಟೆಯ ಮೇಲೆ ಒಂದು ಪಕ್ಕೆಯಿಂದ ಇನ್ನೊಂದು ಪಕ್ಕೆಯವರೆಗೆ ಗಾಯದ ಗುರುತು ಉಳಿಯುತ್ತದೆ. ಇದನ್ನು ಯಾರೂ ಮುಚ್ಚಿಡಬಾರದು. ಸೀರೆ, ಚೂಡಿದಾರದ ಒಳಗೆ ಮರೆಯಾಗುತ್ತದೆ, ಆದರೆ ಇರುತ್ತದೆ.

ಮೊದಲ ಎರಡು ದಿನ ನರ್ಸ್ ಗಂಟೆಗೊಮ್ಮೆ ಬಂದು ಹೊಸ ಸ್ತನದ ಬಣ್ಣ, ಬಿಸಿ ನೋಡಿ, ಪುಟ್ಟ ಡಾಪ್ಲರ್ ಯಂತ್ರ ಇಟ್ಟು ರಕ್ತ ಹರಿಯುವ ಸದ್ದು ಕೇಳುತ್ತಾರೆ. ರಾತ್ರಿ ಎರಡು ಗಂಟೆಗೂ ಎಬ್ಬಿಸುತ್ತಾರೆ. ಬೈಯಬೇಡಿ. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದರೆ ತಕ್ಷಣ ಮತ್ತೆ ಥಿಯೇಟರಿಗೆ ಒಯ್ದರೆ ಫ್ಲಾಪ್ ಉಳಿಸಬಹುದು, ಬೆಳಗಿನವರೆಗೆ ಕಾದರೆ ಆಗದು. ಪಳಗಿದ ತಂಡಗಳಲ್ಲಿ ಪೂರ್ತಿ ಫ್ಲಾಪ್ ಹಾಳಾಗುವುದು ನೂರರಲ್ಲಿ ಒಂದೆರಡು ಮಂದಿಗೆ. ಕಡಿಮೆಯೇ, ಆದರೆ ಸೊನ್ನೆಯಲ್ಲ. ಆ ಒಂದೆರಡರಲ್ಲಿ ನಾವಿದ್ದರೆ ಏನು ಮಾಡುತ್ತೀರಿ ಎಂದು ಸರ್ಜನ್ ಬಳಿ ಮೊದಲೇ ಕೇಳಿಕೊಳ್ಳಿ. ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಈಗ ನನ್ನ ಇಲಾಖೆಗೆ ಬರೋಣ. ಎದೆಯ ನಡುಮೂಳೆಯ ಎರಡೂ ಪಕ್ಕದಲ್ಲಿ, ಪಕ್ಕೆಲುಬುಗಳ ಹಿಂದೆ, ಮೇಲಿಂದ ಕೆಳಕ್ಕೆ ಒಂದೊಂದು ರಕ್ತನಾಳ ಇಳಿಯುತ್ತದೆ. ಹೆಸರು ಇಂಟರ್ನಲ್ ಮ್ಯಾಮರಿ. ಮ್ಯಾಮರಿ ಅಂದರೆ ಸ್ತನದ್ದು ಎಂದರ್ಥ. ಸ್ತನಕ್ಕೆ ರಕ್ತ ಕೊಡುವ ನಾಳಗಳಲ್ಲಿ ಅದೂ ಒಂದು. ಹೊಟ್ಟೆಯಿಂದ ತಂದ ಕೊಬ್ಬನ್ನು ಸಾಮಾನ್ಯವಾಗಿ ಇದಕ್ಕೇ ಹೊಲಿಯುತ್ತಾರೆ. ಬೈಪಾಸ್ ಆಪರೇಷನ್ನಿನಲ್ಲಿ ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಜೋಡಿಸುವುದೂ ಇದನ್ನೇ, ಎಡಗಡೆಯದನ್ನು. ಕಾಲಿನಿಂದ ತೆಗೆದು ಹಾಕಿದ ನಾಳಗಳಲ್ಲಿ ಅರ್ಧದ ಹತ್ತಿರ ಹತ್ತು ವರ್ಷದಲ್ಲಿ ಮುಚ್ಚಿಹೋದರೆ, ಈ ಎಡ ಮ್ಯಾಮರಿ ನೂರರಲ್ಲಿ ತೊಂಬತ್ತರಷ್ಟು ಜನರಲ್ಲಿ ತೆರೆದೇ ಇರುತ್ತದೆ. ಹೃದಯದ ಡಾಕ್ಟರುಗಳಿಗೆ ಇದು ಬಂಗಾರದಂಥ ನಾಳ.

ಹಾಗಾದರೆ ಎಡ ಸ್ತನ ಕಟ್ಟಲು ಅದನ್ನು ಬಳಸಿಬಿಟ್ಟರೆ ನಾಳೆ ಬೈಪಾಸ್ ಬೇಕಾದಾಗ? ಬಹುಪಾಲು ಹೆಣ್ಣುಮಕ್ಕಳಿಗೆ ಈ ಚಿಂತೆ ಬೇಡ. ಹೃದಯ ಗಟ್ಟಿ ಇರುವ ನಲವತ್ತರ ಹೆಣ್ಣುಮಗಳಿಗೆ 'ಮುಂದೆಂದಾದರೂ ಬೇಕಾದೀತು' ಎಂದು ಹೆದರಿಸುವುದು ತಪ್ಪು. ಆದರೆ ಹತ್ತು-ಹದಿನೈದು ವರ್ಷದ ಶುಗರ್, ಬಿಪಿ, ಮನೆಯಲ್ಲಿ ಹಿರಿಯರಿಗೆ ಚಿಕ್ಕ ವಯಸ್ಸಿಗೇ ಹೃದಯಾಘಾತ, ನಡೆದರೆ ಎದೆ ಹಿಡಿದುಕೊಳ್ಳುವುದು, ಇವು ಇದ್ದರೆ ಆಪರೇಷನ್‌ಗೆ ಮುಂಚೆ ಹೃದಯದ ಡಾಕ್ಟರೂ ಪ್ಲಾಸ್ಟಿಕ್ ಸರ್ಜನ್ನೂ ಒಬ್ಬರಿಗೊಬ್ಬರು ಫೋನ್ ಮಾಡಿ ಮಾತಾಡಬೇಕು. ಕಂಕುಳಿನ ಬಳಿಯ ಬೇರೆ ನಾಳಕ್ಕೆ ಹೊಲಿಯಬಹುದು, ಬೆನ್ನಿನ ವಿಧಾನ ಆರಿಸಬಹುದು. ದಾರಿಗಳಿವೆ. ಇದೇ ಮಾತು ತಿರುಗಿಸಿಯೂ ನಿಜ: ಈಗಾಗಲೇ ಬೈಪಾಸ್ ಆಗಿರುವವರಿಗೆ ಎಡಗಡೆಯ ಮ್ಯಾಮರಿ ಸಾಮಾನ್ಯವಾಗಿ ಹೃದಯಕ್ಕೆ ದುಡಿಯುತ್ತಿರುತ್ತದೆ. 'ಅದು ಹಳೇ ಆಪರೇಷನ್, ಇದಕ್ಕೇನು ಸಂಬಂಧ' ಎಂದು ಆ ಫೈಲನ್ನು ಮನೆಯಲ್ಲಿ ಬಿಟ್ಟು ಬರಬೇಡಿ.

ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳು ಮಾಡುವ ಎರಡು ಮಾತ್ರೆಗಳನ್ನು ತೆಗೆದುಕೊಳ್ಳುತ್ತಿರುತ್ತಾರೆ. ಆಪರೇಷನ್ ಬಂತೆಂದು ತಾವಾಗಿಯೇ ನಿಲ್ಲಿಸುವುದು ಜೀವಕ್ಕೇ ಅಪಾಯ. ಸ್ಟೆಂಟ್ ಹೊಸದಾಗಿದ್ದರೆ, ಕಾಯಬಹುದಾದ ಆಪರೇಷನ್ನನ್ನು ಆರು ತಿಂಗಳಿಂದ ಒಂದು ವರ್ಷ ಮುಂದೂಡುವುದು ನಮ್ಮ ಪದ್ಧತಿ. ಕ್ಯಾನ್ಸರ್ ತೆಗೆಯುವುದು ಕಾಯುವ ಕೆಲಸವಲ್ಲ, ಸ್ತನ ಕಟ್ಟುವುದು ಕಾಯಬಹುದಾದ ಕೆಲಸ. ಎರಡನ್ನೂ ಬೇರೆ ಬೇರೆ ಮಾಡಿ ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ.

ಇನ್ನು ತಂಬಾಕು. 'ಸಿಗರೇಟು ಸೇದುತ್ತೀರಾ' ಎಂದು ಕೇಳಿದರೆ ನಮ್ಮ ಹೆಣ್ಣುಮಕ್ಕಳೆಲ್ಲ 'ಛೆ, ಇಲ್ಲಪ್ಪ' ಎನ್ನುತ್ತಾರೆ. ಕೇಳಬೇಕಾದದ್ದು ಹಾಗಲ್ಲ. ಉತ್ತರ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಬೆಳಿಗ್ಗೆ ಹಲ್ಲಿಗೆ ಮಿಶ್ರಿ ಉಜ್ಜುವ ತಾಯಂದಿರು ಎಷ್ಟು ಜನ! ಕೆಲವರಿಗೆ ದಿನಕ್ಕೆ ನಾಲ್ಕು ಸಲ ಬೇಕು, ಇಲ್ಲದಿದ್ದರೆ ಹೊಟ್ಟೆ ಸಾಫ್ ಆಗುವುದಿಲ್ಲ ಎನ್ನುತ್ತಾರೆ. ಎಲೆಯಡಿಕೆಯ ಜೊತೆ ತಂಬಾಕಿನ ಎಸಳು ಹಾಕಿಕೊಳ್ಳುವವರು ಇನ್ನೆಷ್ಟೋ. ಹೊಗೆ ಇಲ್ಲದಿದ್ದರೇನು, ನಿಕೋಟಿನ್ ಇದೆಯಲ್ಲ. ಅದು ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಎರಡು ಮಿಲಿಮೀಟರ್ ನಾಳದ ಮೇಲೆ ನಿಂತಿರುವ ಆಪರೇಷನ್‌ಗೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ. ಹೊಟ್ಟೆಯ ಗಾಯವೂ ಬೇಗ ಮಾಯುವುದಿಲ್ಲ. ಕಡಿಮೆಯೆಂದರೂ ನಾಲ್ಕು ವಾರ ಮೊದಲು ಪೂರ್ತಿ ನಿಲ್ಲಿಸಬೇಕು. ಅತ್ತೆ ಮಿಶ್ರಿ ಹಾಕುತ್ತಾರೆಂಬುದು ಸೊಸೆಗೆ ಗೊತ್ತಿರುತ್ತದೆ, ಮಗನಿಗೂ ಗೊತ್ತಿರುತ್ತದೆ, ಡಾಕ್ಟರಿಗೆ ಮಾತ್ರ ಗೊತ್ತಿರುವುದಿಲ್ಲ. ಹೇಳಿಬಿಡಿ.

ಶುಗರ್ ಇದ್ದರೆ ಈ ಆಪರೇಷನ್ ಆಗುವುದೇ ಇಲ್ಲ ಎಂಬುದು ಸುಳ್ಳು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಎಂಟರ ಕೆಳಗೆ, ಆದಷ್ಟು ಏಳರ ಹತ್ತಿರ ಇರಲಿ ಎಂದು ನಾವು ಬಯಸುತ್ತೇವೆ. ಹತ್ತು, ಹನ್ನೊಂದು ಇದ್ದರೆ ಗಾಯ ಕೀವಾಗುವ ಭಯ. ಆಗ ಕ್ಯಾನ್ಸರ್ ಮೊದಲು ತೆಗೆದು, ಸಕ್ಕರೆ ಹತೋಟಿಗೆ ಬಂದ ಮೇಲೆ ಸ್ತನ ಕಟ್ಟುವುದು ಜಾಣತನ. ತೂಕ ಬಹಳ ಹೆಚ್ಚಿದ್ದರೂ ಹಾಗೆಯೇ. ಸಿಸೇರಿಯನ್ ಆಗಿದ್ದರೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ಮಕ್ಕಳಾಗದ ಹಾಗೆ ಮಾಡಿಸಿದ ಆಪರೇಷನ್ನಿನ ಗುರುತಿದ್ದರೂ ಅಷ್ಟೆ. ಸಿಟಿ ಆಂಜಿಯೊ ಮಾಡಿ ಕವಲು ನಾಳಗಳು ಉಳಿದಿವೆಯೇ ಎಂದು ಮೊದಲೇ ನೋಡುತ್ತಾರೆ. ಹೊಟ್ಟೆಯ ಬೊಜ್ಜು ಕರಗಿಸುವ ಟಮ್ಮಿ ಟಕ್ ಆಪರೇಷನ್ ಮಾಡಿಸಿಕೊಂಡವರಿಗೆ ಮಾತ್ರ ಹೊಟ್ಟೆಯಿಂದ ತೆಗೆಯಲಾಗದು.

ಕೀಮೋದಲ್ಲಿ ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಕೊಟ್ಟಿದ್ದರೆ, ಅಥವಾ ಟ್ರಾಸ್ಟುಝುಮ್ಯಾಬ್ ಇಂಜೆಕ್ಷನ್ ನಡೆಯುತ್ತಿದ್ದರೆ, ಹೃದಯದ ಪಂಪಿಂಗ್ ಕುಂದಿರಬಹುದು. ಎಂಟು ಗಂಟೆಯ ಅರಿವಳಿಕೆಗೆ ಮುಂಚೆ ಎಕೋ ಬೇಕೇ ಬೇಕು. ಟ್ಯಾಮಾಕ್ಸಿಫೆನ್ ಮಾತ್ರೆ ರಕ್ತ ಹೆಪ್ಪುಗಟ್ಟುವ ಗುಣವನ್ನು ಸ್ವಲ್ಪ ಹೆಚ್ಚಿಸುವುದರಿಂದ ಹಲವು ಸರ್ಜನ್‌ಗಳು ಎರಡು-ನಾಲ್ಕು ವಾರ ಮೊದಲು ನಿಲ್ಲಿಸಲು ಹೇಳುತ್ತಾರೆ. ಅದನ್ನು ಕ್ಯಾನ್ಸರ್ ಡಾಕ್ಟರ್ ಒಪ್ಪಿದ ಮೇಲೆಯೇ ನಿಲ್ಲಿಸಿ, ವಾಟ್ಸಾಪ್ ಓದಿಕೊಂಡಲ್ಲ. ನನ್ನ ಈ ಲೇಖನ ಓದಿಕೊಂಡೂ ಅಲ್ಲ.

ಯಾವಾಗ ಮಾಡಿಸುವುದು? ಸ್ತನ ತೆಗೆಯುವ ದಿನವೇ ಕಟ್ಟಬಹುದು. ಆಗ ಸ್ತನದ ಚರ್ಮವನ್ನು ಉಳಿಸಿಕೊಳ್ಳಬಹುದಾದ್ದರಿಂದ ಆಕಾರ ಚೆನ್ನಾಗಿ ಬರುತ್ತದೆ, ಎದ್ದಾಗ ಎದೆ ಬರಿದಾಗಿರುವುದಿಲ್ಲ. ಅಥವಾ ತಿಂಗಳು, ವರ್ಷಗಳ ನಂತರವೂ ಕಟ್ಟಬಹುದು. ರೇಡಿಯೇಷನ್ ಖಂಡಿತ ಬೇಕು ಎನ್ನುವವರಲ್ಲಿ ಹಲವು ತಂಡಗಳು ಕಾಯಲು ಹೇಳುತ್ತವೆ. ಯಾಕೆಂದರೆ ರೇಡಿಯೇಷನ್ ತಗುಲಿದ ಹೊಸ ಸ್ತನ ಗಟ್ಟಿಯಾಗಿ ಕುಗ್ಗಬಹುದು. ರೇಡಿಯೇಷನ್ ಮುಗಿದು ಆರು ತಿಂಗಳೋ ವರ್ಷವೋ ಕಳೆದ ಮೇಲೆ ಹೊಟ್ಟೆಯ ತಾಜಾ ಅಂಗಾಂಶ ತಂದರೆ ಒಣಗಿದ ಆ ಜಾಗಕ್ಕೂ ಜೀವ ಬಂದ ಹಾಗಾಗುತ್ತದೆ. ಇಂಪ್ಲಾಂಟ್‌ಗಿಂತ ಸ್ವಂತ ಅಂಗಾಂಶ ಹೆಚ್ಚು ಬಾಳಿಕೆ ಬರುವುದು ಮುಖ್ಯವಾಗಿ ಇಂಥವರಲ್ಲಿ. ಐದು ವರ್ಷದ ಹಿಂದೆ ಸ್ತನ ತೆಗೆಸಿಕೊಂಡವರು ಈಗ ಇದನ್ನು ಓದುತ್ತಿದ್ದರೆ, ನಿಮಗೂ ಸಮಯ ಮೀರಿಲ್ಲ.

'ಹೊಸ ಸ್ತನದ ಹಿಂದೆ ಕ್ಯಾನ್ಸರ್ ಅಡಗಿ ಕೂತರೆ ಗೊತ್ತಾಗುವುದಿಲ್ಲ' ಎಂಬ ಭಯ ಎಲ್ಲರಿಗೂ ಇದೆ. ಸ್ತನ ಕಟ್ಟಿಸಿಕೊಂಡರೆ ಕ್ಯಾನ್ಸರ್ ಮರಳಿ ಬರುವ ಸಂಭವ ಹೆಚ್ಚುವುದಿಲ್ಲ. ಮರಳಿದರೂ ಸಾಮಾನ್ಯವಾಗಿ ಚರ್ಮದಲ್ಲಿ, ಚರ್ಮದ ಕೆಳಗೆ ಬರುವುದರಿಂದ ಕೈಗೆ ಸಿಗುತ್ತದೆ. ಆದರೆ ಹೊಸ ಸ್ತನದಲ್ಲಿ ಗಟ್ಟಿ ಗಂಟು ಸಿಕ್ಕಿತೆಂದು ಕೂಡಲೇ ಎದೆಯೊಡೆದುಕೊಳ್ಳಬೇಡಿ. ಅಲ್ಲಲ್ಲಿ ರಕ್ತ ಸಾಲದೆ ಕೊಬ್ಬು ಗಟ್ಟಿಯಾಗುವುದುಂಟು. ಏನೆಂದು ತೀರ್ಮಾನಿಸುವುದು ಡಾಕ್ಟರ್ ಕೆಲಸ, ತೋರಿಸಿ.

ಇನ್ನು 'ಈ ವಯಸ್ಸಲ್ಲಿ ಯಾಕೆ'. ವಯಸ್ಸು ಒಂದೇ ಕಾರಣಕ್ಕೆ ಬೇಡ ಎನ್ನುವ ಪದ್ಧತಿ ವೈದ್ಯಶಾಸ್ತ್ರದಲ್ಲಿಲ್ಲ. ಹೃದಯ, ಶ್ವಾಸಕೋಶ, ಸಕ್ಕರೆ ಹೇಗಿದೆ ಎಂದು ನೋಡುತ್ತೇವೆಯೇ ಹೊರತು ಜನ್ಮದಿನಾಂಕ ನೋಡುವುದಿಲ್ಲ. ಅರವತ್ತೆರಡರ ಒಬ್ಬ ತಾಯಿ ನನಗೆ ಹೇಳಿದ ಮಾತು ಇದು: "ಡಾಕ್ಟರ್ ಸಾಹೇಬ್ರ, ಯಾರಿಗ್ ತೋರಸಾಕಲ್ಲ. ಮುಂಜಾನೆ ಜಳಕಾ ಮಾಡುವಾಗ ದಿನಾ ನಾನs ನೋಡ್ತೀನಲ್ರಿ." ಪ್ಯಾಡ್ ಇಟ್ಟುಕೊಂಡರೆ ಮುಂಬೈಯ ಲೋಕಲ್ ನೂಕುನುಗ್ಗಲಿನಲ್ಲಿ ಅದು ಸರಿಯುತ್ತದೆಂಬ ಅಂಜಿಕೆಗೆ ಅವರು ಮದುವೆ-ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದರು. ಇನ್ನೊಬ್ಬರು, ಅವರಿಗಿಂತ ಹತ್ತು ವರ್ಷ ಚಿಕ್ಕವರು, ಎಲ್ಲವನ್ನೂ ಕೇಳಿಸಿಕೊಂಡು 'ನನಗೆ ಇನ್ನೊಂದು ಆಪರೇಷನ್ ಬೇಡ' ಎಂದರು. ಸಪಾಟಾಗಿಯೇ ಆರಾಮಾಗಿದ್ದಾರೆ. ಇಬ್ಬರದೂ ಸರಿಯಾದ ತೀರ್ಮಾನ, ಯಾಕೆಂದರೆ ಇಬ್ಬರೂ ತಾವೇ ತೀರ್ಮಾನಿಸಿದರು.

ಪರಊರಿನಲ್ಲಿರುವ ನಮ್ಮ ಕುಟುಂಬಗಳಲ್ಲಿ ಇದು ತಪ್ಪಿಹೋಗುತ್ತಿದೆ. ಊರಿಂದ ಬಂದ ಅವ್ವನಿಗೆ ಮರಾಠಿ, ಹಿಂದಿ, ತಮಿಳು, ತೆಲುಗು ಬರುವುದಿಲ್ಲ. ಡಾಕ್ಟರ್ ಮಗನನ್ನು ಕೇಳುತ್ತಾರೆ. ಮಗನಿಗೆ ಅವ್ವನ ಎದುರು 'ಸ್ತನ' ಎಂಬ ಮಾತು ಬಾಯಿಂದ ಹೊರಡುವುದಿಲ್ಲ. ಅವ್ವನಿಗೆ 'ಗಡ್ಡೆ ತೆಗೀತಾರಂತ' ಎಂದಷ್ಟೇ ಹೇಳಿ, ಡಾಕ್ಟರಿಗೆ ತಾನೇ 'ಅವರಿಗೆ ರೀಕನ್‌ಸ್ಟ್ರಕ್ಷನ್ ಬೇಡ' ಎಂದು ಉತ್ತರ ಕೊಡುತ್ತಾನೆ. ಸಹಿ ಅಥವಾ ಹೆಬ್ಬೆಟ್ಟು ಅವ್ವನದು. ಬ್ಯಾಂಡೇಜ್ ಬಿಚ್ಚಿದ ದಿನವೇ ಪೂರ್ತಿ ಹೋಗಿದೆಯೆಂದು ತಿಳಿದವರನ್ನು ನಾನು ಬಲ್ಲೆ. ಮಗ ಕೆಟ್ಟವನಲ್ಲ, ರಜೆ ಹಾಕಿ ಹಗಲುರಾತ್ರಿ ಓಡಾಡುತ್ತಾನೆ. ಆದರೆ ಆ ಒಂದು ಮಾತು ಅವನು ಆಡಬೇಕಾದದ್ದಲ್ಲ. ಮಗಳನ್ನೋ ಸೊಸೆಯನ್ನೋ ಜೊತೆಗೆ ಕಳಿಸಿ. ಅವರಿಲ್ಲದಿದ್ದರೆ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ನರ್ಸ್ ಇದ್ದಾರೆಯೇ ಎಂದು ಕೇಳಿ. ಮುಂಬೈಯಲ್ಲಂತೂ ಮಂಗಳೂರು, ಉಡುಪಿ ಕಡೆಯ ಸಿಸ್ಟರ್‌ಗಳು ಎಷ್ಟೋ ಆಸ್ಪತ್ರೆಗಳಲ್ಲಿ ಸಿಗುತ್ತಾರೆ. ಪುಣೆಯ ಆ ಹೆಣ್ಣುಮಗಳಿಗೂ ಇದನ್ನೇ ಬರೆದೆ: ಅತ್ತೆ ಏನೂ ಹೇಳುತ್ತಿಲ್ಲ ಅಂದರೆ ಬೇಡ ಎಂದರ್ಥವಲ್ಲ, ಅವರನ್ನು ಯಾರೂ ಕೂರಿಸಿಕೊಂಡು ಕೇಳಿಲ್ಲ ಎಂದಿರಬಹುದು. ಕೇಳುವುದು ಸ್ತನ ತೆಗೆಯುವ ಮೊದಲು. ಪ್ಲಾಸ್ಟಿಕ್ ಸರ್ಜನ್ನನ್ನು ಒಮ್ಮೆ ಕಂಡು ಬರುವುದು ಕೂಡ ಆಗಲೇ. ಕಂಡ ಮಾತ್ರಕ್ಕೆ ಮಾಡಿಸಿಕೊಳ್ಳಬೇಕೆಂದಿಲ್ಲ.

ಮನೆಗೆ ಬಂದ ಮೇಲೆ ಮೊದಲ ಒಂದೆರಡು ವಾರ ಸೊಂಟ ಬಗ್ಗಿಸಿಕೊಂಡೇ ನಡೆಯಬೇಕಾಗುತ್ತದೆ, ಹೊಟ್ಟೆ ಎಳೆದ ಹಾಗಿರುತ್ತದೆ. ಆರು ವಾರ ನೀರಿನ ಕೊಡ, ದೊಡ್ಡ ಕುಕ್ಕರ್, ಮೊಮ್ಮಗು ಯಾವುದನ್ನೂ ಎತ್ತುವಂತಿಲ್ಲ. ಹಾಸಿಗೆ ಹಿಡಿದು ಮಲಗುವುದೂ ಬೇಡ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮನೆಯೊಳಗೆ ಓಡಾಡುತ್ತಿರಬೇಕು. 'ವಿಶ್ರಾಂತಿಗೆ ಊರಿಗೆ ಹೋಗಿ ಬರೋಣ' ಎಂದು ಹತ್ತನೇ ದಿನ ರಾತ್ರಿ ಬಸ್ ಹತ್ತಬೇಡಿ. ಹನ್ನೆರಡು ಗಂಟೆ ಕಾಲು ಮಡಚಿ ಕೂರುವುದಕ್ಕೆ ಅದು ಸಮಯವಲ್ಲ.

ಒಂದು ವಿಷಯ ಬಹಳ ಜನರಿಗೆ ಹೇಳಿರುವುದಿಲ್ಲ. ಹೊಸ ಸ್ತನಕ್ಕೆ ಮೊದಲಿಗೆ ಸ್ಪರ್ಶಜ್ಞಾನ ಇರುವುದಿಲ್ಲ, ಹೊಟ್ಟೆಯ ಮೇಲೂ ಹೊಕ್ಕುಳ ಕೆಳಗೆ ಮರಗಟ್ಟಿರುತ್ತದೆ. ತಿಂಗಳುಗಟ್ಟಲೆ ಕಳೆದ ಮೇಲೆ ಒಂದಿಷ್ಟು ಬರಬಹುದು, ಪೂರ್ತಿ ಮೊದಲಿನಂತೆ ಬರುವುದು ಅಪರೂಪ. ನೋವು, ಸೆಳೆತವೆಂದು ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದರೆ ಸುಟ್ಟದ್ದೇ ತಿಳಿಯುವುದಿಲ್ಲ. ಬೊಬ್ಬೆ ಬಂದ ಮೇಲೆ ಗೊತ್ತಾಗುತ್ತದೆ. ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಶಾಖ ಕೊಡುವ ರೂಢಿ ಇದೆಯಾದ್ದರಿಂದ ಇದನ್ನು ಅಜ್ಜಿಗೂ ಹೇಳಿಟ್ಟಿರಿ. ಮತ್ತೆ, ಹೊಟ್ಟೆಯ ಕೊಬ್ಬು ಎದೆಗೆ ಬಂದ ಮೇಲೂ ತನ್ನ ಹಳೆಯ ಗುಣ ಬಿಡುವುದಿಲ್ಲ: ತೂಕ ಏರಿದರೆ ಹೊಸ ಸ್ತನವೂ ದಪ್ಪಗಾಗುತ್ತದೆ, ಇಳಿದರೆ ಸಣ್ಣಗಾಗುತ್ತದೆ. ಮೊಲೆತೊಟ್ಟನ್ನು ಕೆಲ ತಿಂಗಳ ನಂತರ ಸಣ್ಣ ಆಪರೇಷನ್ನಿನಿಂದ ಮಾಡುತ್ತಾರೆ, ಬಣ್ಣವನ್ನು ಹಚ್ಚೆ ಹಾಕಿ ತರುತ್ತಾರೆ. ಬೇಡವೆಂದು ಬಿಡುವವರೂ ಇದ್ದಾರೆ.

ಊರಲ್ಲಿ ಆಪರೇಷನ್, ಇಲ್ಲಿ ಕೀಮೋ, ಮತ್ತೆಲ್ಲೋ ರೇಡಿಯೇಷನ್ ಮಾಡಿಸುವುದು ನಮ್ಮಲ್ಲಿ ಸಾಮಾನ್ಯ. ಆಪರೇಷನ್ ನೋಟ್ಸ್, ಬಯಾಪ್ಸಿ ವರದಿ, ಯಾವ ಕೀಮೋ ಎಷ್ಟು ಸಲ, ರೇಡಿಯೇಷನ್ ಸಾರಾಂಶ, ಹಳೆಯ ಎಕೋ, ಇವೆಲ್ಲ ಒಂದೇ ಫೈಲಿನಲ್ಲಿರಲಿ, ಮೊಬೈಲಿನಲ್ಲೂ ಫೋಟೊ ಇರಲಿ.

ಖರ್ಚಿನ ಮಾತು. 'ಪ್ಲಾಸ್ಟಿಕ್ ಸರ್ಜರಿ ಅಂದರೆ ಅಂದಕ್ಕಾಗಿ, ವಿಮೆ ಸಿಗುವುದಿಲ್ಲ' ಎಂದು ಆಸ್ಪತ್ರೆಯ ಕೌಂಟರಿನಲ್ಲೇ ಹೇಳಿ ಕಳಿಸುವುದುಂಟು. ಐಆರ್‌ಡಿಎಐ ರೂಪಿಸಿದ ಪ್ರಮಾಣಿತ ವಿನಾಯಿತಿಗಳ ಪಟ್ಟಿಯಲ್ಲಿ ಎಂಟನೆಯದನ್ನು ನಿಮ್ಮ ಪಾಲಿಸಿಯಲ್ಲಿ ತೆರೆದು ಓದಿ. ಸೌಂದರ್ಯಕ್ಕಾಗಿ ಮಾಡುವ ಪ್ಲಾಸ್ಟಿಕ್ ಸರ್ಜರಿಗೆ ಹಣ ಇಲ್ಲ ಎಂದು ಹೇಳುವ ಅದೇ ವಾಕ್ಯ, ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಪುನರ್‌ನಿರ್ಮಾಣವನ್ನು ಹೊರಗಿಟ್ಟಿದೆ. ಅಂದರೆ ನಿರಾಕರಣೆ ಇದಕ್ಕೆ ಅನ್ವಯಿಸದು. ಚಿಕಿತ್ಸೆ ಮಾಡುವ ಡಾಕ್ಟರಿಂದ ಇದು ಕ್ಯಾನ್ಸರ್ ನಂತರದ ಪುನರ್‌ನಿರ್ಮಾಣ, ವೈದ್ಯಕೀಯವಾಗಿ ಅಗತ್ಯ ಎಂದು ಸರ್ಟಿಫಿಕೇಟ್ ಬರೆಸಿಕೊಳ್ಳಿ. ಆಪರೇಷನ್‌ಗೆ ಮುಂಚೆಯೇ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ. ಇನ್ನೊಂದು ಸ್ತನವನ್ನು ಸಮಕ್ಕೆ ತರುವ ಖರ್ಚು, ಮೊಲೆತೊಟ್ಟಿನ ಖರ್ಚು ಸೇರುತ್ತದೆಯೇ ಎಂದು ಅದೇ ಪತ್ರದಲ್ಲಿ ಕೇಳಿ. ಫೋನಿನಲ್ಲಿ ಹೇಳಿದ 'ಹೂಂ' ಲೆಕ್ಕಕ್ಕಿಲ್ಲ.

ಮುಂದಿನ ವಾರ: ಕೀಮೋ ಮುಗಿದವರು ಎಕೋ ಯಾವಾಗ, ಎಷ್ಟು ಸಲ ಮಾಡಿಸಬೇಕು.